ಉಪದೇಶ ಸಾಕು, ಬಡಿಸುವುದನ್ನು ಬದಲಿಸಿ

ಶಾಲೆ, ಹಾಸ್ಟೆಲ್, ಕಚೇರಿ, ಆಸ್ಪತ್ರೆ, ನಿವಾಸಿಗಳ ಸಂಘ, ಹೀಗೆ ಎಲ್ಲೇ ಇರಲಿ, ಹತ್ತು ಜನರಿಗೆ ಏನು ಬಡಿಸಬೇಕೆಂದು ತೀರ್ಮಾನಿಸುವ ಎಲ್ಲರಿಗೂ,

ಮಾನ್ಯರೇ,

ನಮಸ್ಕಾರ.

ನಿಮ್ಮಲ್ಲಿ ಕೆಲವರು ಮುಖ್ಯೋಪಾಧ್ಯಾಯರು, ಕೆಲವರು ಆಡಳಿತಾಧಿಕಾರಿಗಳು, ಕೆಲವರು ಸಂಘದ ಅಧ್ಯಕ್ಷರು, ಕಾರ್ಯದರ್ಶಿಗಳು. ಹುದ್ದೆಗಳು ಬೇರೆ ಬೇರೆ. ಆದರೆ ಒಂದು ಅಧಿಕಾರ ಮಾತ್ರ ನಿಮ್ಮೆಲ್ಲರ ಕೈಯಲ್ಲೂ ಇದೆ. ಕ್ಯಾಂಟೀನಿನಲ್ಲಿ ಏನು ಸಿಗಬೇಕು, ಸಭೆ ಮುಗಿದ ಮೇಲೆ ಏನು ಹಂಚಬೇಕು, ಗೆದ್ದ ಮಕ್ಕಳಿಗೆ ಬಹುಮಾನ ಏನು, ಅಡುಗೆಗೆ ಎಷ್ಟು ಎಣ್ಣೆ ತರಿಸಬೇಕು ಎಂದು ನೀವು ತೀರ್ಮಾನಿಸುತ್ತೀರಿ. ಇದನ್ನು ಯಾರೂ ಅಧಿಕಾರ ಎಂದುಕೊಳ್ಳುವುದಿಲ್ಲ. ಟೆಂಡರ್, ಮೆನು, ಬಿಲ್ಲು ಎಂದುಕೊಳ್ಳುತ್ತಾರೆ. ಆದರೆ ದಿನಕ್ಕೆ ಒಂದು ಹೊತ್ತಾದರೂ ನಿಮ್ಮಲ್ಲಿ ಉಣ್ಣುವ ನಮ್ಮಂಥವರ ಆರೋಗ್ಯದ ದೊಡ್ಡ ಪಾಲು ಆ ಮೆನುವಿನಲ್ಲೇ ಇದೆ.

ನನ್ನ ದೂರನ್ನು ಮೊದಲೇ ಹೇಳಿಬಿಡುತ್ತೇನೆ. ಚೆನ್ನಾಗಿ ತಿನ್ನಿ ಎಂದು ನೀವು ನಮಗೆ ಹೇಳುತ್ತಲೇ ಇದ್ದೀರಿ. ಚೆನ್ನಾಗಿರುವುದನ್ನು ಬಡಿಸುವ ಕೆಲಸ ಮಾತ್ರ ಇನ್ನೂ ಶುರುವಾಗಿಲ್ಲ.

ನಾನು ಕಣ್ಣಾರೆ ಕಂಡ ಒಂದು ಸಂಗತಿ ಕೇಳಿ. ಒಂದು ಸಂಘದವರು ಸಕ್ಕರೆ ಕಾಯಿಲೆಯ ಬಗ್ಗೆ ಶಿಬಿರ ಏರ್ಪಡಿಸಿದ್ದರು. ಒಳ್ಳೆಯ ಉದ್ದೇಶ, ಒಳ್ಳೆಯ ವೈದ್ಯರು. ಬೆರಳು ಚುಚ್ಚಿ ರಕ್ತ ಪರೀಕ್ಷೆ ಮಾಡಿದರು. ಪರದೆಯ ಮೇಲೆ ಚಿತ್ರ ತೋರಿಸಿ, ಸಿಹಿ ಪಾನೀಯ ಬಿಡಿ, ಕರಿದದ್ದು ಕಡಿಮೆ ಮಾಡಿ ಎಂದು ತಾಳ್ಮೆಯಿಂದ ವಿವರಿಸಿದರು. ಭಾಷಣ ಮುಗಿಯಿತು. ಬಾಗಿಲ ಹತ್ತಿರ ಇಬ್ಬರು ಹುಡುಗರು ಎಲ್ಲರ ಕೈಗೂ ಒಂದೊಂದು ಪೊಟ್ಟಣ ಕೊಟ್ಟರು. ಅದರಲ್ಲಿ ಹಣ್ಣಿನ ಚಿತ್ರವಿದ್ದ ಒಂದು ಜ್ಯೂಸ್ ಡಬ್ಬಿ, ಕ್ರೀಮ್ ಬಿಸ್ಕತ್ತು, ಒಂದು ಚಿಪ್ಸ್ ಪ್ಯಾಕೆಟ್. ನನ್ನ ಪಕ್ಕದಲ್ಲಿ ಕೂತಿದ್ದ ಹಿರಿಯರಿಗೆ ಆಗತಾನೇ ಸಕ್ಕರೆ ಜಾಸ್ತಿ ಇದೆ ಎಂದು ಚೀಟಿ ಬರೆದುಕೊಟ್ಟಿದ್ದರು. ಅವರು ಒಂದು ಕೈಯಲ್ಲಿ ಆ ಚೀಟಿ ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಜ್ಯೂಸ್ ಡಬ್ಬಿಗೆ ಸ್ಟ್ರಾ ಚುಚ್ಚಿದರು. ಅವರನ್ನು ತಪ್ಪು ಎನ್ನಲು ನನಗೆ ಮನಸ್ಸು ಬರಲಿಲ್ಲ. ಆರೋಗ್ಯದ ಬಗ್ಗೆ ಹೇಳಿದವರೇ ಕೈಗಿಟ್ಟದ್ದು ಆರೋಗ್ಯಕ್ಕೆ ಒಳ್ಳೆಯದೇ ಇರಬೇಕು ಎಂದು ಯಾರಾದರೂ ನಂಬುತ್ತಾರೆ, ಅಲ್ವಾ?

ಆ ಜ್ಯೂಸಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಹಣ್ಣಿನ ರಸ ಎಂದ ಕೂಡಲೇ ಹಣ್ಣು ತಿಂದಷ್ಟೇ ಒಳ್ಳೆಯದು ಎಂದು ಬಹಳ ಜನ ತಿಳಿದಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ ಹಾಗೆ ಹೇಳುವುದಿಲ್ಲ. ಅದು 2015ರಲ್ಲಿ ಸಕ್ಕರೆಯ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ನಾವು ಬೆರೆಸುವ ಸಕ್ಕರೆಯ ಜೊತೆಗೆ ಜೇನುತುಪ್ಪ, ಸಿರಪ್, ಹಣ್ಣಿನ ರಸದಲ್ಲಿರುವ ಸಕ್ಕರೆಯನ್ನೂ ಮಿತಿಯಲ್ಲಿಡಬೇಕಾದ ಪಟ್ಟಿಗೇ ಅದು ಸೇರಿಸಿದೆ. ಇಡೀ ಹಣ್ಣಿನೊಳಗಿನ ಸಕ್ಕರೆ ಆ ಪಟ್ಟಿಯಲ್ಲಿಲ್ಲ. ದಿನದ ಒಟ್ಟು ಶಕ್ತಿಯಲ್ಲಿ ಇಂಥ ಸಕ್ಕರೆಯ ಪಾಲು ಶೇ. 10 ಮೀರಬಾರದು. ಶೇ. 5ಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು. ದಿನಕ್ಕೆ 2000 ಕ್ಯಾಲೊರಿ ಬೇಕಾದವರಿಗೆ ಶೇ. 5 ಎಂದರೆ ಸುಮಾರು 25 ಗ್ರಾಂ, ಅಂದರೆ ಆರು ಟೀ ಚಮಚ. 330 ಮಿಲಿಲೀಟರಿನ ಒಂದು ಮಾಮೂಲಿ ಕೋಲಾ ಡಬ್ಬಿಯಲ್ಲೇ ಸುಮಾರು 35 ಗ್ರಾಂ ಸಕ್ಕರೆ ಇರುತ್ತದೆ. ಈ ಲೆಕ್ಕ ತಿಳಿಯಲು ವೈದ್ಯರು ಬೇಕಿಲ್ಲ. ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ನೂರು ಡಬ್ಬಿಗೆ ಆರ್ಡರ್ ಕೊಡುವ ಮುನ್ನ ಒಂದೇ ಒಂದು ಡಬ್ಬಿ ತಿರುಗಿಸಿ ನೋಡಿದರೆ ಸಾಕು.

ಶಾಲೆಗಳ ಮಾತಿಗೆ ಬರುತ್ತೇನೆ. ನಾನು ನೋಡಿದ ಒಂದು ಶಾಲೆಯ ಗೋಡೆಯ ಮೇಲೆ ಹಣ್ಣು, ತರಕಾರಿ, ಬೇಳೆಕಾಳುಗಳ ದೊಡ್ಡ ಬಣ್ಣದ ಚಿತ್ರವಿದೆ. ಮಕ್ಕಳೇ ಬರೆದದ್ದು, ಬಹಳ ಚಂದ ಇದೆ. ಅದರ ಎದುರಿಗೇ ಕ್ಯಾಂಟೀನ್. ಅಲ್ಲಿ ಮಕ್ಕಳ ಕಣ್ಣಿನ ಎತ್ತರಕ್ಕೆ ಸರಿಯಾಗಿ ಚಿಪ್ಸ್ ಮತ್ತು ಚಾಕೊಲೇಟ್ ಸಾಲಾಗಿ ತೂಗುತ್ತಿವೆ. ಬಾಳೆಹಣ್ಣು ಒಳಗಿನ ಕಟ್ಟೆಯ ಮೂಲೆಯಲ್ಲಿದೆ. ಸಿಪ್ಪೆ ಕಪ್ಪಾಗಿದೆ. ಕೇಳಿದರೆ ಮಾತ್ರ ತೆಗೆದುಕೊಡುತ್ತಾರೆ. ಏಳು ವರ್ಷದ ಮಗು ಯಾವುದಕ್ಕೆ ಕೈ ಚಾಚುತ್ತದೆ ಹೇಳಿ. "ನಮ್ಮ ಮಕ್ಕಳು ಹಣ್ಣು ಮುಟ್ಟುವುದೇ ಇಲ್ಲ" ಎಂದು ಆಮೇಲೆ ಪೋಷಕರ ಸಭೆಯಲ್ಲಿ ನಾವೇ ಮಾತಾಡಿಕೊಳ್ಳುತ್ತೇವೆ.

ಆ ಸಭೆಯಲ್ಲೇ ಇನ್ನೊಂದು ಮಾತೂ ಬರುತ್ತದೆ. ಮನಸ್ಸು ಗಟ್ಟಿ ಮಾಡಬೇಕು, ನಾಲಿಗೆ ಹಿಡಿತದಲ್ಲಿರಬೇಕು ಎಂದು. ಈ ಮಾತನ್ನು ನಾನು ಒಪ್ಪುವುದಿಲ್ಲ. 2019ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಸಂಶೋಧಕ ಕೆವಿನ್ ಹಾಲ್ ಮತ್ತು ಸಂಗಡಿಗರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. 20 ಜನರನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡು ಎರಡು ವಾರ ಕಾರ್ಖಾನೆಯಲ್ಲಿ ಅತಿಯಾಗಿ ಸಂಸ್ಕರಿಸಿದ ಆಹಾರ ಕೊಟ್ಟರು. ಇನ್ನೆರಡು ವಾರ ಸಂಸ್ಕರಿಸದ ಪದಾರ್ಥಗಳಿಂದ ಮಾಡಿದ ಅಡುಗೆ. ಮುಂದಿಟ್ಟ ಊಟದಲ್ಲಿ ಕ್ಯಾಲೊರಿ, ಸಕ್ಕರೆ, ಕೊಬ್ಬು, ಉಪ್ಪು, ನಾರು ಎಲ್ಲವೂ ಎರಡೂ ಕಡೆ ಹೊಂದಿಕೆಯಾಗುವಂತೆ ನೋಡಿಕೊಂಡಿದ್ದರು. ಬೇಕಾದಷ್ಟು ತಿನ್ನಿ ಎಂದಷ್ಟೇ ಹೇಳಿದ್ದರು. ಅತಿಯಾಗಿ ಸಂಸ್ಕರಿಸಿದ ಆಹಾರ ಸಿಕ್ಕ ದಿನಗಳಲ್ಲಿ ಅದೇ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದರು. ಬೇಗ ಬೇಗ ತಿಂದರು. ಎರಡೇ ವಾರದಲ್ಲಿ ಹೆಚ್ಚುಕಡಿಮೆ ಒಂದು ಕಿಲೋ ತೂಕ ಏರಿತು. ಸಂಸ್ಕರಿಸದ ಊಟಕ್ಕೆ ಬಂದಾಗ ಹೆಚ್ಚುಕಡಿಮೆ ಅಷ್ಟೇ ತೂಕ ಇಳಿಯಿತು. ಚಿಕ್ಕ ಪ್ರಯೋಗವೇ ಇರಬಹುದು. ಆದರೂ ಗಮನಿಸಿ, ಜನ ಅವರೇ, ಅವರ ಮನಸ್ಸಿನ ಗಟ್ಟಿತನವೂ ಅಷ್ಟೇ. ಬದಲಾದದ್ದು ಮುಂದಿಟ್ಟ ತಟ್ಟೆ ಮಾತ್ರ.

ಹೀಗಿರುವಾಗ ತಿನ್ನುವವರ ಮೇಲೆ ಗೂಬೆ ಕೂರಿಸುವುದು ಅನ್ಯಾಯ. ಅದರಲ್ಲೂ ಮಕ್ಕಳ ಮೇಲೆ. ತರಗತಿಯ ಎಲ್ಲರ ಎದುರಿಗೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ತೂಕ ನೋಡಿ, ಅಂಕಿಯನ್ನು ಗಟ್ಟಿಯಾಗಿ ಓದುವುದನ್ನು ನಾನು ನೋಡಿದ್ದೇನೆ. ತೂಕ ಬರೆದುಕೊಳ್ಳುತ್ತಿದ್ದ ಶಿಕ್ಷಕಿಗೆ ಕೆಟ್ಟ ಉದ್ದೇಶ ಇರಲಿಲ್ಲ, ಬೇಗ ಕೆಲಸ ಮುಗಿಸಬೇಕಿತ್ತು ಅಷ್ಟೇ. ಒಬ್ಬ ಹುಡುಗಿಯ ಸರದಿ ಬಂದಾಗ ಹಿಂದಿನಿಂದ ಯಾರೋ ನಕ್ಕರು. ಅವಳು ಆ ಮಧ್ಯಾಹ್ನ ಊಟದ ಡಬ್ಬಿ ತೆರೆಯಲಿಲ್ಲ. ಇದರಿಂದ ಅವಳ ಆರೋಗ್ಯ ಸುಧಾರಿಸುತ್ತದೆಯೇ? ತೂಕದ ಬಗ್ಗೆ ಹೀಯಾಳಿಸಿದರೆ ಜನ ಸಣ್ಣಗಾಗುವುದಿಲ್ಲ. ಕದ್ದು ತಿನ್ನುವುದು, ಊಟ ಬಿಡುವುದು, ಆಟದ ಮೈದಾನಕ್ಕೆ ಹೋಗಲು ನಾಚುವುದು, ಇವೇ ಜಾಸ್ತಿಯಾಗುತ್ತವೆ. ದಯವಿಟ್ಟು ಈ ಪದ್ಧತಿಯನ್ನು ಇಂದೇ ನಿಲ್ಲಿಸಿ. ತೂಕ ನೋಡಲೇಬೇಕಿದ್ದರೆ ಪ್ರತ್ಯೇಕ ಕೋಣೆಯಲ್ಲಿ ನೋಡಿ, ಪೋಷಕರಿಗೆ ಮಾತ್ರ ತಿಳಿಸಿ.

ಇಡೀ ಸಮುದಾಯದ ಊಟದ ಅಭ್ಯಾಸ ಬದಲಾಗುವುದು ಸಾಧ್ಯವೇ ಎಂದು ನೀವು ಕೇಳಬಹುದು. ಸಾಧ್ಯ. ಆಗಿದೆ ಕೂಡ. ಫಿನ್‌ಲ್ಯಾಂಡಿನ ಪೂರ್ವ ಭಾಗದ ಉತ್ತರ ಕರೇಲಿಯಾ ಪ್ರಾಂತ್ಯದ ಕಥೆ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. 1970ರ ಸುಮಾರಿಗೆ ಆ ದೇಶದಲ್ಲಿ ಹೃದಯಾಘಾತದಿಂದ ಸಾಯುವವರ ಪ್ರಮಾಣ ಜಗತ್ತಿನಲ್ಲೇ ಅತಿ ಹೆಚ್ಚಿತ್ತು. ಅದರೊಳಗೆ ಈ ಪ್ರಾಂತ್ಯ ಇನ್ನೂ ಮುಂದೆ. ನಡುವಯಸ್ಸಿನ ಗಂಡಸರು, ಮರ ಕಡಿಯುವ, ಹೊಲದಲ್ಲಿ ದುಡಿಯುವ ಗಟ್ಟಿ ಆಳುಗಳು, ಇದ್ದಕ್ಕಿದ್ದಂತೆ ಹೋಗಿಬಿಡುತ್ತಿದ್ದರು. 1971ರಲ್ಲಿ ಅಲ್ಲಿನ ಪ್ರತಿನಿಧಿಗಳು ಸೇರಿ ಸರ್ಕಾರಕ್ಕೆ ಮನವಿ ಕೊಟ್ಟರು. ನಮ್ಮ ಜನ ಸಾಯುತ್ತಿದ್ದಾರೆ, ಏನಾದರೂ ಮಾಡಿ ಎಂದರು. 1972ರಲ್ಲಿ ಪೆಕ್ಕಾ ಪುಸ್ಕಾ ಎಂಬ ಯುವ ವೈದ್ಯರ ಮುಂದಾಳತ್ವದಲ್ಲಿ ಕೆಲಸ ಶುರುವಾಯಿತು.

ಅವರು ಮಾಡಿದ್ದೇನು ಎನ್ನುವುದನ್ನು ನೀವು ಗಮನವಿಟ್ಟು ನೋಡಬೇಕೆಂದು ನನ್ನ ಆಸೆ. ಕರಪತ್ರ ಹಂಚಿ ಸುಮ್ಮನಾಗಲಿಲ್ಲ. ಅಲ್ಲಿ ಬೆಣ್ಣೆ, ಕೊಬ್ಬು ತುಂಬಿದ ಹಾಲು, ಉಪ್ಪು ವಿಪರೀತ ಬಳಕೆಯಲ್ಲಿದ್ದವು. ತರಕಾರಿ ದನದ ಮೇವು ಎನ್ನುವ ಭಾವನೆ ಇತ್ತು. ಆದ್ದರಿಂದ ಅವರು ಗೃಹಿಣಿಯರ ಸಂಘಟನೆಯ ಜೊತೆ ಕೈಜೋಡಿಸಿದರು. ಹಳ್ಳಿ ಹಳ್ಳಿಯಲ್ಲಿ ಮಧ್ಯಾಹ್ನದ ಕೂಟಗಳು ನಡೆದವು. ಅಲ್ಲಿ ಮೊದಲು ಅಡುಗೆ, ಊಟ, ಮಾತು ಆಮೇಲೆ. ಮಾಮೂಲಿ ಅಡುಗೆಯನ್ನೇ ಕೊಬ್ಬು ಇಳಿಸಿ, ತರಕಾರಿ ಏರಿಸಿ ಮಾಡಿ ತೋರಿಸಿದರು. ಹಾಲಿನ ಡೇರಿಗಳ ಜೊತೆ, ಮಾಂಸದ ಪದಾರ್ಥ ಮಾಡುವವರ ಜೊತೆ, ಬ್ರೆಡ್ ಸುಡುವವರ ಜೊತೆ ಕೂತು ಮಾತಾಡಿದರು. ಉಪ್ಪು, ಕೊಬ್ಬು ಕಡಿಮೆ ಮಾಡಿಸಿದರು. ಹಾಲಿನ ಮೇಲೆ ಬದುಕು ಕಟ್ಟಿಕೊಂಡಿದ್ದ ರೈತರಿಗೆ ಇದರಿಂದ ಪೆಟ್ಟು ಬೀಳುತ್ತದೆ ಎನ್ನುವುದು ಗೊತ್ತಾದಾಗ, ಅವರನ್ನು ಶತ್ರುಗಳಂತೆ ನೋಡಲಿಲ್ಲ. ಆ ಚಳಿಯಲ್ಲೂ ಚೆನ್ನಾಗಿ ಬೆಳೆಯುವ ಬೆರ್ರಿ ಹಣ್ಣುಗಳ ಬೆಳೆಗೆ ಬೆಂಬಲ ಕೊಟ್ಟರು. ಮುಂದೆ ಹಳ್ಳಿ ಹಳ್ಳಿಗಳ ನಡುವೆ ಕೊಲೆಸ್ಟ್ರಾಲ್ ಇಳಿಸುವ ಸ್ಪರ್ಧೆಗಳೂ ನಡೆದವು. ಗೆದ್ದದ್ದು ಒಬ್ಬ ವ್ಯಕ್ತಿಯಲ್ಲ, ಇಡೀ ಹಳ್ಳಿ. ಈ ಒಂದು ವಿಷಯ ನನಗೆ ಬಹಳ ಹಿಡಿಸಿತು. ಸೋತವರನ್ನು ಎತ್ತಿ ತೋರಿಸುವ ಜಾಗವೇ ಅದರಲ್ಲಿಲ್ಲ. ಪಕ್ಕದ ಮನೆಯವರು ಚೆನ್ನಾಗಿ ಉಂಡರೆ ನಮಗೂ ಲಾಭ.

ನಾಲ್ಕು ದಶಕಗಳಲ್ಲಿ ಆ ಪ್ರಾಂತ್ಯದ ದುಡಿಯುವ ವಯಸ್ಸಿನ ಗಂಡಸರಲ್ಲಿ ಹೃದಯದ ರಕ್ತನಾಳದ ಕಾಯಿಲೆಯ ಸಾವು ಶೇ. 80ಕ್ಕೂ ಹೆಚ್ಚು ಇಳಿಯಿತು. ಎಲ್ಲವೂ ಊಟದಿಂದಲೇ ಆಯಿತು ಎಂದು ನಾನು ಹೇಳುವುದಿಲ್ಲ. ಗಂಡಸರು ಸಿಗರೇಟು ಬಿಟ್ಟದ್ದು, ರಕ್ತದೊತ್ತಡಕ್ಕೆ ಸರಿಯಾದ ಔಷಧಿ ಸಿಕ್ಕಿದ್ದು, ಚಿಕಿತ್ಸೆ ಸುಧಾರಿಸಿದ್ದು ಎಲ್ಲವೂ ಸೇರಿವೆ. ಆದರೂ ಕೊಲೆಸ್ಟ್ರಾಲ್ ಇಳಿದದ್ದರ ಪಾಲು ಬಹಳ ದೊಡ್ಡದು. ಅದಕ್ಕೆ ಕಾರಣ ತಟ್ಟೆಯ ಬದಲಾವಣೆ.

ಜಪಾನಿನ ನಾಗಾನೊ ಪ್ರಾಂತ್ಯದ್ದೂ ಇಂಥದ್ದೇ ಅನುಭವ. ಗುಡ್ಡಗಾಡು, ಉದ್ದನೆಯ ಚಳಿಗಾಲ. ಉಪ್ಪಿನಲ್ಲಿ ಹಾಕಿಟ್ಟ ತರಕಾರಿಯೇ ಆಧಾರ. ಪಾರ್ಶ್ವವಾಯು ಅಲ್ಲಿ ದೊಡ್ಡ ಪಿಡುಗಾಗಿತ್ತು. ಅಲ್ಲಿನ ‘ಸಾಕು’ ಎಂಬ ಹೆಸರಿನ ಆಸ್ಪತ್ರೆಯ ವೈದ್ಯ ತೊಶಿಕಾಝು ವಾಕತ್ಸುಕಿ ಮತ್ತು ಸಂಗಡಿಗರು ಎರಡನೇ ಮಹಾಯುದ್ಧದ ನಂತರ ಹಳ್ಳಿಗಳಿಗೆ ಹೋಗಿ ಆರೋಗ್ಯದ ಬಗ್ಗೆ ನಾಟಕ ಆಡುತ್ತಿದ್ದರು. ಆಮೇಲೆ ಉಪ್ಪು ಕಡಿಮೆ ಮಾಡುವ ಚಳವಳಿ ಪ್ರಾಂತ್ಯದ ತುಂಬ ಹಬ್ಬಿತು. ತರಬೇತಿ ಪಡೆದ ಸ್ವಯಂಸೇವಕರು ಮನೆ ಮನೆಗೆ ಹೋದರು. ಅವರಲ್ಲಿ ಹೆಚ್ಚಿನವರು ಅದೇ ಊರಿನ ಹೆಂಗಸರು. ಸೂಪಿನಲ್ಲಿ ಎಷ್ಟು ಉಪ್ಪಿದೆ ಎಂದು ಅಳೆದು ತೋರಿಸಿದರು, ರುಚಿ ಕೆಡದಂತೆ ಹೇಗೆ ಇಳಿಸಬಹುದು ಎಂದು ಹೇಳಿಕೊಟ್ಟರು. 2010ರ ಲೆಕ್ಕದಲ್ಲಿ ಗಂಡಸರ ಆಯಸ್ಸಿನಲ್ಲೂ ಹೆಂಗಸರ ಆಯಸ್ಸಿನಲ್ಲೂ ನಾಗಾನೊ ಇಡೀ ಜಪಾನಿಗೇ ಮೊದಲಿತ್ತು.

ಎರಡೂ ಕಡೆ ಗೆದ್ದದ್ದು ಒಂದೇ ದಾರಿ. ಹೇಳುವವರು ಅಡುಗೆಮನೆಗೆ ಇಳಿದರು. ನಮ್ಮ ಸಭೆಗಳಲ್ಲಿ ಆಗದೇ ಇರುವುದು ಇದೇ.

ಒಂದು ಕ್ಷಣ ಯೋಚಿಸಿ. ನಿಮ್ಮ ಸಂಸ್ಥೆಯಲ್ಲಿ ಊಟದ ಬಗ್ಗೆ ಸಭೆ ನಡೆದಾಗ ಅಡುಗೆಯವರನ್ನು ಕರೆದಿದ್ದೀರಾ? ಗುತ್ತಿಗೆದಾರರನ್ನು ಕರೆಯುತ್ತೀರಿ, ಲೆಕ್ಕಪತ್ರದವರನ್ನು ಕರೆಯುತ್ತೀರಿ. ಬೆಳಗಿನ ಜಾವ ಒಲೆ ಹಚ್ಚುವವರು ಹೊರಗೇ ಇರುತ್ತಾರೆ. ಒಂದು ಕ್ಯಾಂಟೀನಿನ ಅಡುಗೆಯ ಅಕ್ಕನ ಜೊತೆ ನಾನು ಮಾತಾಡಿದೆ. ಯಾವ ಪಲ್ಯ ಖಾಲಿಯಾಗುತ್ತದೆ, ಯಾವುದು ತಟ್ಟೆಯಲ್ಲೇ ಉಳಿಯುತ್ತದೆ, ತರಕಾರಿಯನ್ನು ದಪ್ಪಗೆ ಹೆಚ್ಚಿದರೆ ಯಾವ ಮಕ್ಕಳು ಆರಿಸಿ ಬದಿಗಿಡುತ್ತಾರೆ, ಸಣ್ಣಗೆ ಹೆಚ್ಚಿದರೆ ಹೇಗೆ ತಿಂದುಬಿಡುತ್ತಾರೆ, ಎಲ್ಲವೂ ಅವರಿಗೆ ಗೊತ್ತಿತ್ತು. ಒಮ್ಮೆ ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬಾರದು ಎನ್ನುವುದೂ ಗೊತ್ತಿತ್ತು. "ಗೊತ್ತಿದ್ರೆ ಏನು ಬಂತು, ಹೊಸ ಎಣ್ಣೆ ಕೊಡೋದು ಅವರ ಕೈಲಿದೆ" ಎಂದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಇಷ್ಟು ವರ್ಷದಲ್ಲಿ ಯಾರೂ ಅವರನ್ನು ಈ ಬಗ್ಗೆ ಕೇಳಿಯೇ ಇರಲಿಲ್ಲವಂತೆ. ತಿನ್ನುವವರ ಬಗ್ಗೆ ಅಷ್ಟು ತಿಳಿದ ಒಬ್ಬರು ಇದ್ದೂ ನಾವು ಹೊರಗಿನಿಂದ ತಜ್ಞರನ್ನು ಕರೆಸಿ ಭಾಷಣ ಕೇಳುತ್ತೇವೆ. ತಜ್ಞರು ಬೇಕು, ಬೇಡ ಎನ್ನುವುದಿಲ್ಲ. ಅವರ ಪಕ್ಕದ ಕುರ್ಚಿ ಈ ಅಕ್ಕನಿಗೆ ಸಿಗಬೇಕು.

ಉಪ್ಪಿನ ಬಗ್ಗೆ ಹೇಳದೆ ಮುಂದೆ ಹೋಗಲು ಆಗುವುದಿಲ್ಲ. ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸುಮಾರು ಒಂದು ಟೀ ಚಮಚ. ಅದೇ ಸಂಸ್ಥೆಯ 2023ರ ವರದಿಯ ಪ್ರಕಾರ ಜಗತ್ತಿನ ಸರಾಸರಿ 10.8 ಗ್ರಾಂ. ಅಂದರೆ ಎರಡು ಪಟ್ಟಿಗಿಂತ ಜಾಸ್ತಿ. ಉಪ್ಪು ಕಡಿಮೆ ಮಾಡಿದರೆ ಜನ ಊಟ ಬಿಟ್ಟು ಎದ್ದುಹೋಗುತ್ತಾರೆ ಎಂದು ನೀವು ಹೆದರುತ್ತೀರಿ. ಒಂದೇ ದಿನದಲ್ಲಿ ಅರ್ಧಕ್ಕೆ ಇಳಿಸಿದರೆ ಖಂಡಿತ ಹಾಗಾಗುತ್ತದೆ. ಸ್ವಲ್ಪ ಸ್ವಲ್ಪವೇ ಇಳಿಸಿದರೆ ಆಗುವುದಿಲ್ಲ. ಬ್ರಿಟನ್ನಿನಲ್ಲಿ ಬ್ರೆಡ್ಡಿನ ಉಪ್ಪನ್ನು 2001ರಿಂದ 2011ರವರೆಗೆ ಹಂತ ಹಂತವಾಗಿ ಸುಮಾರು ಶೇ. 20ರಷ್ಟು ಇಳಿಸಿದರು. ಜನ ಬ್ರೆಡ್ ತಿನ್ನುವುದನ್ನು ಬಿಡಲಿಲ್ಲ. ಅದೇ ಸುಮಾರಿಗೆ ಅಲ್ಲಿನ ಜನರ ಸರಾಸರಿ ಉಪ್ಪು ದಿನಕ್ಕೆ 9.5 ಗ್ರಾಂನಿಂದ 8.1 ಗ್ರಾಂಗೆ ಬಂತು. ನಾಲಿಗೆ ಹೊಸ ರುಚಿಗೆ ಹೊಂದಿಕೊಳ್ಳಲು ಎರಡು ಮೂರು ತಿಂಗಳು ಸಾಕು. ಆಮೇಲೆ ಮೊದಲಿನ ಅಡುಗೆಯೇ ಉಪ್ಪುಪ್ಪಾಗಿ ಕಾಣುತ್ತದೆ. ಇಂಥ ಬದಲಾವಣೆಗೆ ಪೋಸ್ಟರೂ ಬೇಡ, ಭಾಷಣವೂ ಬೇಡ. ಒಂದು ಅಳತೆ ಚಮಚ ಬೇಕು, ಅದನ್ನು ಅಡುಗೆಮನೆಯಲ್ಲಿ ಕಡ್ಡಾಯ ಮಾಡುವ ನಿಮ್ಮ ಒಂದು ಸಹಿ ಬೇಕು.

ಮಕ್ಕಳ ತಟ್ಟೆಗೂ ಇಂಥದ್ದೇ ತಾಳ್ಮೆ ಬೇಕು. ಹೊಸ ತರಕಾರಿಯನ್ನು ಮಗು ಮೊದಲ ಸಲ ಉಗುಳುತ್ತದೆ. ನಾವು "ಇದು ಇವನಿಗೆ ಸೇರಲ್ಲ" ಎಂದು ಕೈಬಿಡುತ್ತೇವೆ. ಆದರೆ ಒಂದು ಹೊಸ ರುಚಿ ಒಗ್ಗಲು ಎಂಟು ಹತ್ತು ಸಲ, ಕೆಲವೊಮ್ಮೆ ಹದಿನೈದು ಸಲವೂ ಬೇಕಾಗುತ್ತದೆ ಎನ್ನುವುದು ಮಕ್ಕಳ ಆಹಾರದ ಬಗ್ಗೆ ಕೆಲಸ ಮಾಡಿದವರು ಕಂಡುಕೊಂಡದ್ದು. ಬಲವಂತ ಇಲ್ಲದೆ, ಚಿಕ್ಕ ತುತ್ತಿನಷ್ಟು, ಮತ್ತೆ ಮತ್ತೆ. ಹಣದ ಚಿಂತೆ ಇರುವ ಮನೆಯಲ್ಲಿ ಇದು ಬಹಳ ಕಷ್ಟ. ಹತ್ತು ಸಲ ಮಗು ತಿನ್ನದೇ ಬಿಟ್ಟ ತರಕಾರಿಯ ಖರ್ಚು ಭರಿಸಲು ಎಲ್ಲ ತಾಯಂದಿರಿಗೂ ಆಗುವುದಿಲ್ಲ. ಮಗು ಖಂಡಿತ ತಿನ್ನುವುದನ್ನೇ ಅವರು ಕೊಳ್ಳುತ್ತಾರೆ. ಅದು ಅಜ್ಞಾನವಲ್ಲ, ಲೆಕ್ಕಾಚಾರ. ಶಾಲೆಯ ಊಟಕ್ಕೆ ಈ ಭಾರ ಹೊರುವ ಶಕ್ತಿ ಇದೆ. ದೊಡ್ಡ ಪಾತ್ರೆಯಲ್ಲಿ ಮಾಡಿದ್ದರಲ್ಲಿ ಒಂದು ತುತ್ತು ಉಳಿದರೆ ಯಾರ ಮನೆಯೂ ಮುಳುಗುವುದಿಲ್ಲ. ಜೊತೆಗೆ ಗೆಳೆಯರು ತಿನ್ನುವುದನ್ನು ನೋಡಿ ತಿನ್ನುವ ಹುಮ್ಮಸ್ಸು ಮನೆಯಲ್ಲಿ ಸಿಗುವುದಿಲ್ಲ.

ಇದಕ್ಕೆ ವಿರುದ್ಧವಾದದ್ದನ್ನೂ ನಾವು ಮಾಡುತ್ತಿದ್ದೇವೆ. "ಪಲ್ಯ ಮುಗಿಸು, ಚಾಕೊಲೇಟ್ ಕೊಡ್ತೀನಿ" ಎನ್ನುತ್ತೇವೆ. ಓಟದಲ್ಲಿ ಗೆದ್ದರೆ ಸಿಹಿ, ಒಳ್ಳೆಯ ಅಂಕ ಬಂದರೆ ಸಿಹಿ. ಹೀಗೆ ಮಾಡಿದಾಗ ಮಗುವಿಗೆ ತರಕಾರಿ ಶಿಕ್ಷೆಯಾಗುತ್ತದೆ, ಸಿಹಿ ಗೌರವವಾಗುತ್ತದೆ. ಬಹುಮಾನಕ್ಕೆ ಪುಸ್ತಕ, ಬಣ್ಣದ ಪೆನ್ಸಿಲ್, ಚೆಂಡು, ಹತ್ತು ನಿಮಿಷ ಹೆಚ್ಚು ಆಟ, ಇನ್ನೂ ಎಷ್ಟೋ ಇವೆ. ಇದಕ್ಕೆ ಒಂದು ಪೈಸೆಯೂ ಜಾಸ್ತಿ ಬೇಕಿಲ್ಲ.

ನೀವು ಹೇಳುವ ತೊಂದರೆಗಳು ನನಗೆ ಗೊತ್ತಿಲ್ಲದೇ ಇಲ್ಲ. ಖರ್ಚು ಎನ್ನುತ್ತೀರಿ. ತಾಜಾ ಹಣ್ಣು ಕೆಡುತ್ತದೆ, ಪ್ಯಾಕೆಟ್ ಕೆಡುವುದಿಲ್ಲ, ನಿಜ. ಆದರೆ ತಂಪು ಪಾನೀಯ ತೆಗೆದು ನೀರಿಟ್ಟರೆ ಖರ್ಚು ಇಳಿಯುತ್ತದೆ. ಉಪ್ಪು, ಎಣ್ಣೆ, ಸಕ್ಕರೆ ಕಡಿಮೆ ಮಾಡಿದರೂ ಇಳಿಯುತ್ತದೆ. ಆ ಉಳಿತಾಯವನ್ನು ಹಣ್ಣು, ತರಕಾರಿಗೆ ಹಾಕಬಹುದಲ್ಲ? ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು, ತರಕಾರಿ ಬೇಕು, ಆಲೂಗಡ್ಡೆಯಂಥ ಗೆಡ್ಡೆಗಳನ್ನು ಇದರಲ್ಲಿ ಎಣಿಸಬಾರದು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಕ್ಯಾಂಟೀನಿನಲ್ಲಿ ಆಲೂ ಪಲ್ಯವನ್ನೇ ತರಕಾರಿಯ ಲೆಕ್ಕಕ್ಕೆ ಬರೆದು ಮುಗಿಸುವವರು ಇದನ್ನು ಓದಬೇಕು.

ಜನರಿಗೆ ಬೇಕಾದ್ದನ್ನು ತಿನ್ನುವ ಸ್ವಾತಂತ್ರ್ಯ ಇದೆ, ನಾವೇಕೆ ತಡೆಯಬೇಕು ಎಂದು ಇನ್ನು ಕೆಲವರು ಕೇಳುತ್ತೀರಿ. ಒಳ್ಳೆಯ ಪ್ರಶ್ನೆ. ನಾನೂ ಯಾರ ತಟ್ಟೆಯಿಂದಲೂ ಏನನ್ನೂ ಕಿತ್ತುಕೊಳ್ಳಿ ಎನ್ನುತ್ತಿಲ್ಲ. ಮನೆಯಲ್ಲಿ, ಹೋಟೆಲಿನಲ್ಲಿ, ಗೆಳೆಯರ ಜೊತೆ ಅವರವರ ಇಷ್ಟ. ಆದರೆ ನಿಮ್ಮ ಕ್ಯಾಂಟೀನಿನಲ್ಲಿ ಈಗ ಕರಿದದ್ದು, ಸಿಹಿಯದ್ದು ಬಿಟ್ಟು ಬೇರೇನೂ ಸಿಗದ ಹೊತ್ತುಗಳಿವೆ. ರಾತ್ರಿ ಪಾಳಿಯಲ್ಲಿ ಇರುವ ಆಸ್ಪತ್ರೆಯ ನರ್ಸ್‌ಗೆ ಬಿಸ್ಕತ್ತು ಮತ್ತು ತಂಪು ಪಾನೀಯದ ಯಂತ್ರ ಮಾತ್ರ ತೆರೆದಿರುತ್ತದೆ. ಅವರಿಗೆ ಯಾವ ಸ್ವಾತಂತ್ರ್ಯ ಸಿಕ್ಕಿತು? ಒಳ್ಳೆಯ ಊಟವೂ ಅಷ್ಟೇ ಹತ್ತಿರ, ಅಷ್ಟೇ ಬಿಸಿಯಾಗಿ, ಅಷ್ಟೇ ರುಚಿಯಾಗಿ ಸಿಗಲಿ. ಆಗ ಆಯ್ಕೆಯ ಮಾತಾಡೋಣ. ಇನ್ನು ಮಕ್ಕಳ ವಿಷಯದಲ್ಲಿ ಮಾತ್ರ ನಾನು ಇಷ್ಟೂ ಸಡಿಲ ಬಿಡಲಾರೆ. ಚಿಲಿ ದೇಶದಲ್ಲಿ 2016ರಿಂದ ಸಕ್ಕರೆ, ಉಪ್ಪು, ಕೊಬ್ಬು, ಕ್ಯಾಲೊರಿ ಮಿತಿಮೀರಿದ ಪೊಟ್ಟಣಗಳ ಮುಂಭಾಗದಲ್ಲೇ ಕಪ್ಪು ಎಂಟು ಮೂಲೆಯ ಎಚ್ಚರಿಕೆಯ ಗುರುತು ಇರಬೇಕು. ಆ ಗುರುತು ಇರುವುದನ್ನು ಶಾಲೆಯೊಳಗೆ ಮಾರುವಂತಿಲ್ಲ. ಮಕ್ಕಳನ್ನು ಸೆಳೆಯುವ ಕಾರ್ಟೂನ್ ಚಿತ್ರ ಅದರ ಮೇಲೆ ಹಾಕುವಂತಿಲ್ಲ. ಒಂದು ದೇಶ ಕಾನೂನಾಗಿ ಮಾಡಿದ್ದನ್ನು ಒಂದು ಶಾಲೆ ತನ್ನ ನಿಯಮವಾಗಿ ಮಾಡಿಕೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲ.

ಈಗ ನನ್ನ ಕೋರಿಕೆಗಳು. ದೊಡ್ಡದೇನೂ ಇಲ್ಲ.

ನೀವು ನಡೆಸುವ ಎಲ್ಲ ಸಭೆ, ಶಿಬಿರ, ಕ್ರೀಡಾಕೂಟಗಳಲ್ಲಿ ಮೊದಲಿಗೆ ಸಿಗುವುದು ನೀರಾಗಲಿ. ಕುಡಿಯುವ ನೀರು ಶುದ್ಧವಾಗಿ, ಎದ್ದು ಕಾಣುವ ಜಾಗದಲ್ಲಿ, ಬಿಟ್ಟಿ ಸಿಗಬೇಕು. ಎಷ್ಟೋ ಕಡೆ ನಲ್ಲಿ ಕೆಟ್ಟಿರುತ್ತದೆ, ಪಾನೀಯದ ಯಂತ್ರ ಮಾತ್ರ ಚೆನ್ನಾಗಿ ಓಡುತ್ತಿರುತ್ತದೆ. ಮೊದಲು ನಲ್ಲಿ ರಿಪೇರಿ ಮಾಡಿಸಿ.

ಕ್ಯಾಂಟೀನಿನಲ್ಲಿ ಹಣ್ಣನ್ನು ಮುಂದೆ ತನ್ನಿ, ಹೆಚ್ಚಿ ಇಡಿ. ಪ್ಯಾಕೆಟ್ ತಿಂಡಿಯನ್ನು ಹಿಂದೆ ಸರಿಸಿ. ತರಕಾರಿಯನ್ನು ಸಾಲಿನ ಮೊದಲಿಗೆ ಬಡಿಸಿ, ತಟ್ಟೆ ಖಾಲಿ ಇದ್ದಾಗ ಬೀಳಲಿ. ಕರಿದದ್ದರ ಪ್ರಮಾಣ ಚಿಕ್ಕದಿರಲಿ. ದೊಡ್ಡ ತುಂಡು ಮುಂದಿಟ್ಟರೆ ಹಸಿವಿಲ್ಲದಿದ್ದರೂ ಜನ ಜಾಸ್ತಿ ತಿನ್ನುತ್ತಾರೆ. ಇದನ್ನು ಎಷ್ಟೋ ಅಧ್ಯಯನಗಳು ತೋರಿಸಿವೆ.

ಅಡುಗೆಯವರನ್ನು ಸಭೆಗೆ ಕರೆಯಿರಿ. ಸಂಬಳದ ಹೊತ್ತಿನಲ್ಲೇ ಕರೆಯಿರಿ, ಕೆಲಸ ಮುಗಿಸಿ ಮನೆಗೆ ಹೊರಟಾಗ ಅಲ್ಲ. ತರಕಾರಿ ಹೆಚ್ಚುವ ಕೆಲಸ ಜಾಸ್ತಿಯಾಗುತ್ತದೆ, ಒಂದು ಕೈ ಜಾಸ್ತಿ ಕೊಡಿ. ಒಳ್ಳೆಯ ಊಟದ ಇಡೀ ಭಾರ ಈಗಾಗಲೇ ದಣಿದ ಹೆಂಗಸರ ಮೇಲೆ ಬೀಳಬಾರದು. ಮನೆಯಲ್ಲೂ ಅಷ್ಟೇ. ಆರೋಗ್ಯದ ಅಡುಗೆ ಕಲಿಸುವ ತರಗತಿ ನಡೆಸುವುದಾದರೆ ಗಂಡಸರನ್ನೂ, ಹುಡುಗರನ್ನೂ ಕರೆಯಿರಿ.

ತಂಪು ಪಾನೀಯ, ಚಾಕೊಲೇಟ್ ಕಂಪನಿಗಳ ಬ್ಯಾನರ್ ಅಡಿಯಲ್ಲಿ ಮಕ್ಕಳ ಆಟೋಟ ನಡೆಸಬೇಡಿ. ಹಣ ಸಿಗುತ್ತದೆ, ಗೊತ್ತು. ಬೇರೆ ಕಡೆಯಿಂದ ಹೊಂದಿಸೋಣ, ನಾವೂ ಕೈ ಹಾಕುತ್ತೇವೆ.

ಕೊನೆಯದಾಗಿ, ಮಾಡಿದ್ದನ್ನು ಅಳೆಯಿರಿ. ಎಷ್ಟು ಜನ ಭಾಷಣಕ್ಕೆ ಬಂದರು ಎನ್ನುವ ಲೆಕ್ಕ ಬೇಡ. ತಿಂಗಳಿಗೆ ಎಷ್ಟು ಕಿಲೋ ಉಪ್ಪು, ಎಷ್ಟು ಸಕ್ಕರೆ, ಎಷ್ಟು ಲೀಟರ್ ಎಣ್ಣೆ, ಎಷ್ಟು ಕಿಲೋ ಹಣ್ಣು ತರಕಾರಿ ಬಂತು, ಎಷ್ಟು ಜನ ಉಂಡರು ಎಂದು ಬರೆಯಿರಿ. ದಿನಸಿ ಬಿಲ್ಲಿನಲ್ಲಿ ಇವೆಲ್ಲ ಈಗಲೇ ಇವೆ. ಅದನ್ನೇ ತಿಂಗಳು ತಿಂಗಳು ಊಟದ ಕೋಣೆಯ ಗೋಡೆಗೆ ಹಚ್ಚಿ. ತಿನ್ನುವವರಿಗೆ ತಮ್ಮ ಊಟದಲ್ಲಿ ಏನಿದೆ ಎಂದು ತಿಳಿಯುವ ಹಕ್ಕಿದೆ.

ನಾನು ಒಬ್ಬಳೇ ಬರೆಯುತ್ತಿದ್ದರೂ ಹೀಗೆ ಯೋಚಿಸುವವರು ಬಹಳ ಜನ ಇದ್ದಾರೆ. ತರಕಾರಿ ತರಲು, ಹೆಚ್ಚಲು, ಬಡಿಸಲು, ಲೆಕ್ಕ ಬರೆಯಲು ಕೈ ಜೋಡಿಸುವವರೂ ಅವರಲ್ಲಿದ್ದಾರೆ. ನಿಮ್ಮ ಮುಂದಿನ ಸಭೆಯ ವಿಷಯಗಳಲ್ಲಿ ಇದನ್ನೂ ಸೇರಿಸಿ ಚರ್ಚಿಸಬೇಕೆಂದು ವಿನಂತಿ. ಒಪ್ಪಿದ್ದು ಯಾವುದು, ಒಪ್ಪದ್ದು ಯಾವುದು, ಏಕೆ ಎನ್ನುವುದನ್ನು ಸೂಚನಾ ಫಲಕದಲ್ಲಿ ಬರೆದು ಹಾಕಿ. ಸಭೆ ಯಾವಾಗ ಎಂದು ತಿಳಿಸಿದರೆ ನಾವು ಕೆಲವರು ಬರುತ್ತೇವೆ. ಅಡುಗೆಯ ಅಕ್ಕನನ್ನೂ ಕರೆದುಕೊಂಡು ಬರುತ್ತೇವೆ.

ವಂದನೆಗಳೊಂದಿಗೆ,

ನಿಮ್ಮಲ್ಲಿ ಊಟ ಮಾಡುವವರಲ್ಲಿ ಒಬ್ಬಳು, ಇಬ್ಬರು ಮಕ್ಕಳ ತಾಯಿ